ಬೊಕ್ಕಸದ ಉಳಿತಾಯವೂ ದುಡಿಯುವವರ ಪಾಲೂ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಗೃಹಸ್ಥನಿಗೆ ಹೇಗೋ ರಾಜ್ಯಕ್ಕೂ ಹಾಗೆಯೇ ಸಲ್ಲುವದು. ಆದಾಯವನ್ನು ಮೀರಿ ವೆಚ್ಚ ಮಾಡುವ ರಾಜ್ಯವು ಸಾಲಕ್ಕೆ ಬೀಳುವದು. ಸಾಲದ ಬಡ್ಡಿಯನ್ನು ತೀರಿಸುವದಕ್ಕಾಗಿ ಪ್ರಜೆಯ ಮೇಲೆ ಹೊಸ ಕರಗಳು ಬೀಳುವವು. ಆದುದರಿಂದ ಮಿತವ್ಯಯವನ್ನು ಹಳಿಯುವದು ವಿವೇಕಿಗಳಿಗೆ ಒಪ್ಪುವ ಮಾತಲ್ಲ. ಆದರೆ ಮನೆಗೂ ರಾಜ್ಯಕ್ಕೂ ಒಂದು ಭೇದವುಂಟು. ಮನೆಯಲ್ಲಿ ಹಾಸಿಗೆಯನ್ನು ಅಳೆಯುವವನೂ ಕಾಲನ್ನು ಮಡಚಿಕೊಳ್ಳುವವನೂ ಒಬ್ಬನೇ. ರಾಜ್ಯದಲ್ಲಿ ಒಂದೇ ಹಾಸಿಗೆಯ ಮೇಲೆ ಅನೇಕರು ಮಲಗಿರುತ್ತಾರೆ. ಅಳೆಯುವವರು ನಡುವಿನಲ್ಲಿರುತ್ತಾರೆ, ಕಾಲು ಹೊರಗುಳಿಯುವವರು ಅಂಚಿನಲ್ಲಿರುತ್ತಾರೆ. ಸರಕಾರವು ಕೈ ಬಿಗಿ ಹಿಡಿದಾಗಲೆಲ್ಲ ಈ ಅಂಚಿನವರಿಗೆ ಏನಾಯಿತು, ಅವರು ಮಾಡುತ್ತಿದ್ದ ಕೆಲಸವು ಯಾರ ಹೆಗಲಿಗೆ ಬಿದ್ದಿತು, ಎಂಬದನ್ನು ಕನ್ನಡ ನಾಡಿನ ಕಳೆದ ಒಂದೂವರೆ ಶತಮಾನದ ಚರಿತ್ರೆಯು ಸ್ಪಷ್ಟವಾಗಿ ತೋರಿಸುತ್ತದೆ.

ಈ ಚರಿತ್ರೆಯ ಅತ್ಯಂತ ಕಠಿಣವಾದ ಅಧ್ಯಾಯವು ಕೃಷ್ಣಾ-ಘಟಪ್ರಭೆಗಳ ನಡುವಣ ಈ ಸೀಮೆಗೇ ಸೇರಿದುದು. ಜಮಖಂಡಿ, ಮುಧೋಳಗಳು ಆಗ ಸಂಸ್ಥಾನಗಳಾಗಿದ್ದವು. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಬೀಳಗಿ, ಬಾಗಲಕೋಟೆಗಳು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಯೊಳಗಿದ್ದವು. ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಹೋದದ್ದು 1884-85ರ ಸುಮಾರಿಗೆ. ಆಳುವ ದೊರೆಗಳು ಬೇರೆ ಬೇರೆಯಾಗಿದ್ದರೂ ಮಳೆಯು ಒಂದೇ ಆಗಿದ್ದಿತು. 1876ರಲ್ಲಿ ಆ ಮಳೆಯು ತಪ್ಪಿತು. ಧಾತು ಸಂವತ್ಸರದಲ್ಲಿ ಹುಟ್ಟಿ ಈಶ್ವರ ಸಂವತ್ಸರದಲ್ಲಿ ಬೆಳೆದ ಆ ಬರವನ್ನು ಜನರು ಧಾತು-ಈಶ್ವರದ ಬರವೆಂದೇ ನೆನೆದರು. ಮುಂಬಯಿ ಇಲಾಖೆಯಲ್ಲಿ ಅತ್ಯಂತ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು.

ಬರದ ಕಾಲದಲ್ಲಿ ಸರಕಾರವು ರಸ್ತೆ, ಕೆರೆ, ಮಣ್ಣಿನ ಏರಿಗಳ ಕೆಲಸವನ್ನು ತೆರೆದು ಕೂಲಿ ಕೊಡುತ್ತಿದ್ದಿತು. ಆಗ ಹೊಲದಲ್ಲಿ ಬೆಳೆಯಿಲ್ಲದ ಒಕ್ಕಲಿಗನೂ ಮಗ್ಗಕ್ಕೆ ಗಿರಾಕಿಯಿಲ್ಲದ ನೇಕಾರನೂ ಸರಕಾರದ ಆಳುಗಳಾದರು. ಅವರಿಗೆ ಹುದ್ದೆಯಿರಲಿಲ್ಲ, ಪಿಂಚಣಿಯಿರಲಿಲ್ಲ. ಆದರೂ ಅವರು ಸರಕಾರದ ಹಣದಿಂದ ಸರಕಾರದ ಕೆಲಸವನ್ನು ಮಾಡುವವರೇ. ಸಾರ್ವಜನಿಕ ಸೇವಕರ ಸಾಲಿನಲ್ಲಿ ಕಟ್ಟಕಡೆಯಲ್ಲಿ ನಿಂತವರು ಅವರೆಂದರೆ ತಪ್ಪಾಗದು.

ಅವರ ಕೂಲಿಯ ಕಥೆಗೆ ಒಂದು ಪೂರ್ವಕಥೆಯಿದೆ. 1873-74ರಲ್ಲಿ ಬಿಹಾರ ಪ್ರಾಂತದಲ್ಲಿ ಬರ ಬಿದ್ದಾಗ ಪರಿಹಾರದ ಹೊಣೆಯನ್ನು ಹೊತ್ತವರು ಸರ್ ರಿಚರ್ಡ್ ಟೆಂಪಲ್ ಅವರು. ಅವರು ಬ್ರಹ್ಮದೇಶದಿಂದ ಅಕ್ಕಿಯನ್ನು ತರಿಸಿ, ಉದಾರವಾಗಿ ಹಂಚಿ, ಸುಮಾರು ಆರೂವರೆ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಜನರನ್ನು ಉಳಿಸಿದರು. ಹಸಿವೆಯಿಂದ ಸತ್ತವರು ತೀರ ವಿರಳ. ಆದರೆ ಅದಕ್ಕಾಗಿ ಅವರಿಗೆ ಬಂದದ್ದು ಕೀರ್ತಿಯಲ್ಲ, ದುಂದುಗಾರರೆಂಬ ಅಪಕೀರ್ತಿ. 1877ರ ಆರಂಭದಲ್ಲಿ ವೈಸರಾಯ ಲಾರ್ಡ್ ಲಿಟ್ಟನ್ನರು ದಕ್ಷಿಣದ ಬರದ ವೆಚ್ಚವನ್ನು ಹಿಡಿತಕ್ಕೆ ತರುವದಕ್ಕೆಂದು ಕಳುಹಿದುದು ಇದೇ ಟೆಂಪಲ್ಲರನ್ನು. ಅದೇ ವರ್ಷದ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಹಿಂದುಸ್ಥಾನದ ಚಕ್ರವರ್ತಿನಿಯೆಂದು ಸಾರುವ ಭಾರಿ ದರಬಾರು ನಡೆದಿದ್ದಿತು. ಉತ್ಸವವು ಮುಗಿದ ಬೆನ್ನಿಗೇ ಉಳಿತಾಯವು ಮೊದಲಾಯಿತು.

ಟೆಂಪಲ್ಲರು ಗೊತ್ತುಮಾಡಿದ ಕೂಲಿಯು ಪ್ರಾಯದ ಗಂಡಾಳಿಗೆ ದಿನವೊಂದಕ್ಕೆ ಒಂದು ರತ್ತಲು ಧಾನ್ಯದ ಬೆಲೆ. ಅದರ ಮೇಲೆ ಉಪ್ಪು-ಕಾರಕ್ಕಾಗಿ ಅಲ್ಪವಾದ ಕಾಸು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದು ರತ್ತಲೆಂದರೆ ಇಂದಿನ ತೂಕದಲ್ಲಿ ಸುಮಾರು 450 ಗ್ರಾಂ. ಅಷ್ಟೇ ಅಲ್ಲದೆ, ನಿಜವಾಗಿ ಹಸಿದವನೇ ಬರಲಿ ಎಂಬ ಉದ್ದೇಶದಿಂದ ಕೆಲಸದ ಸ್ಥಳವು ಊರಿನಿಂದ ದೂರವಿರಬೇಕೆಂಬ ನಿಯಮವೂ ಬಂದಿತು. ಮನೆಯಲ್ಲಿ ಮುದುಕರನ್ನೂ ದನಕರುಗಳನ್ನೂ ಬಿಟ್ಟು, ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಮೈಲುಗಟ್ಟಲೆ ನಡೆದುಹೋಗಿ ಮಣ್ಣು ಹೊತ್ತರೆ ಆ ಒಂದು ರತ್ತಲು ಸಿಕ್ಕುವದು.

ಇದನ್ನು ವಿರೋಧಿಸಿದವರು ಇಬ್ಬಗೆಯವರು. ಮದ್ರಾಸ ಇಲಾಖೆಯ ಆರೋಗ್ಯ ಕಮಿಶನರರಾದ ಡಾಕ್ಟರ್ ಕಾರ್ನಿಶ್ ಅವರು, ಜೈಲಿನ ಕೈದಿಗಳಿಗೆ ಕೊಡುವ ಆಹಾರದೊಡನೆ ಹೋಲಿಸಿ ತೋರಿಸಿ, ದುಡಿಯುವ ದೇಹವು ಈ ಆಹಾರದಿಂದ ತಾಳಲಾರದೆಂದು ವಾದಿಸಿದರು. ಅವರು ಸರಕಾರದೊಳಗಿನವರೇ ಆಗಿದ್ದರಿಂದ ಅವರ ಮಾತಿಗೆ ತೂಕವಿದ್ದಿತು. ಕೆಲವು ತಿಂಗಳ ಮೇಲೆ ಮದ್ರಾಸಿನಲ್ಲಿ ಕೂಲಿಯನ್ನು ಏರಿಸಲಾಯಿತು. ಮುಂಬಯಿ ಇಲಾಖೆಯ ದಖ್ಖನ ಭಾಗದಲ್ಲಿ ವಿರೋಧವು ಮಣ್ಣು ಹೊರುವವರಿಂದಲೇ ಹುಟ್ಟಿತು. ಕೂಲಿ ಇಳಿದ ಸುದ್ದಿಯು ತಲುಪುತ್ತಲೇ ಸಾವಿರ ಸಾವಿರ ಜನ ಗುದ್ದಲಿ-ಬುಟ್ಟಿಗಳನ್ನು ಇಟ್ಟು ಕೆಲಸದಿಂದ ಹೊರಟುಹೋದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಅರ್ಜಿಗಳನ್ನು ಬರೆಯಿತು. 1870ರಲ್ಲಿ ಗಣೇಶ ವಾಸುದೇವ ಜೋಶಿಯವರ ಮುಂದಾಳುತನದಲ್ಲಿ ಹುಟ್ಟಿದ ಈ ಸಭೆಯಲ್ಲಿ ಮಹಾದೇವ ಗೋವಿಂದ ರಾನಡೆಯವರ ಬುದ್ಧಿಬಲವೂ ಕೂಡಿದ್ದಿತು. ಹಸಿದವರು ಕೂಲಿಯನ್ನು ಬಿಟ್ಟು ಹೋಗುವದೆಂದರೆ ಸಾಮಾನ್ಯ ಸಂಗತಿಯಲ್ಲ. ಸರಕಾರದ ಕಡೆಯವರು ಇದನ್ನು ಕಂಡು, ಬಿಟ್ಟು ಹೋಗುವವರಿಗೆ ನಿಜವಾದ ಕೊರತೆಯಿರಲಿಲ್ಲವೆಂದು ತರ್ಕಿಸಿದರು. ಅರೆಹೊಟ್ಟೆಯಲ್ಲಿ ಮಣ್ಣು ಹೊತ್ತು ಸಾಯುವದಕ್ಕಿಂತ ಊರ ಮುಂದಿನ ಗುಡಿಯಲ್ಲಿ ಬಿದ್ದಿರುವದು ಲೇಸೆಂದು ಮನುಷ್ಯನಿಗೆ ತೋರಬಹುದೆಂಬದು ಆ ತರ್ಕಕ್ಕೆ ಹೊಳೆಯಲಿಲ್ಲ.

ಫಲವನ್ನು ಜನಗಣತಿಯು ಬರೆದಿಟ್ಟಿದೆ. 1872ರಲ್ಲಿ 8 ಲಕ್ಷವನ್ನು ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿದ್ದಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚಾಗಿ ಇಲ್ಲವಾದರು. ಕೆಲವರು ಗುಳೆ ಹೋದರು, ಉಳಿದವರು ತೀರಿಹೋದರು. ಈ ಎಲ್ಲ ಸಾವಿಗೂ ಕೂಲಿಯ ಕಡಿತವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಮಳೆ, ರೋಗ, ಧಾನ್ಯದ ಬೆಲೆ ಎಲ್ಲವೂ ಸೇರಿದ್ದವು. ಆದರೆ ಸರಕಾರವು ಕೈಯಾರೆ ಮಾಡಬಹುದಾಗಿದ್ದ ಕೆಲಸವನ್ನು ಬಿಟ್ಟುದು ಅಲ್ಲಿಯೇ. ಬೊಕ್ಕಸಕ್ಕೆ ಆದ ಲಾಭವಾದರೂ ಎಷ್ಟು ದಿನದ್ದು? ಉಳುವ ಕೈಯೂ ಎಳೆಯುವ ಎತ್ತೂ ಇಲ್ಲದ ಹೊಲದಿಂದ ಕಂದಾಯವು ಹುಟ್ಟುವದಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆಯು ದೊರಕಲಾರದು. 1880ರಲ್ಲಿ ಕ್ಷಾಮ ಆಯೋಗವು ತನ್ನ ವರದಿಯನ್ನು ಕೊಟ್ಟಿತು. 1883ರಿಂದ ಕ್ಷಾಮದ ನಿಯಮಸಂಹಿತೆಗಳು ರೂಪುಗೊಂಡು, ದುಡಿಯುವವನ ದೇಹವು ಉಳಿಯುವಷ್ಟು ಕೂಲಿಯು ಇರಬೇಕೆಂಬ ತತ್ವವು ಬರಹಕ್ಕೆ ಬಂದಿತು. ಹೀಗೆ ಉಳಿತಾಯವು ಮೊದಲು ನಡೆದು, ವಿಚಾರಣೆಯು ಹಿಂದಿನಿಂದ ಬಂದಿತು.

ಇದೇ ಬರವು ಮೈಸೂರು ಸೀಮೆಯಲ್ಲಿ ಬೇರೊಂದು ಬಗೆಯ ಕಡಿತಕ್ಕೆ ಕಾರಣವಾಯಿತು. ಅಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದಾಗ ಅದರೊಡನೆ 80 ಲಕ್ಷ ರೂಪಾಯಿಗಳ ಬರದ ಸಾಲವೂ ಬಂದಿತು. ದಿವಾನರಾದ ರಂಗಾಚಾರ್ಲು ಅವರು ಮಿತವ್ಯಯದ ಮಾತನ್ನು ಹೊಸದಾಗಿ ಕಲಿತವರಲ್ಲ. 1874ರಲ್ಲಿಯೇ ಅವರು ಲಂಡನಿನಲ್ಲಿ ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಿ, ಮೈಸೂರಿನ ಆದಾಯವು ದುಬಾರಿಯಾದ ಯುರೋಪಿಯನ್ ಅಧಿಕಾರಿಗಳಿಗಾಗಿ ಹೇಗೆ ಖರ್ಚಾಗುತ್ತಿದೆಯೆಂಬದನ್ನು ಎತ್ತಿ ತೋರಿಸಿದ್ದರು. ಅಧಿಕಾರವು ಕೈಗೆ ಬಂದಾಗ ಅವರು ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು; ಹಾಸನ, ಚಿತ್ರದುರ್ಗಗಳು ಜಿಲ್ಲೆಗಳಾಗಿ ಉಳಿಯಲಿಲ್ಲ. ಕೆಲವು ತಾಲೂಕುಗಳೂ ನ್ಯಾಯಾಲಯಗಳೂ ಮುಚ್ಚಿದವು. ಆದರೆ ಅವರು ರೇಲ್ವೆಯ ಕೆಲಸವನ್ನು ನಿಲ್ಲಿಸಲಿಲ್ಲ; ಅದೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನೂ ಕೂಡಿಸಿದರು. ಈ ಕಡಿತವು ಮೇಲಿನಿಂದ ಆರಂಭವಾದ ಕಡಿತ. ಅದರ ಹಿಂದೆ ಲೆಕ್ಕವೂ ಇದ್ದಿತು, ದೃಷ್ಟಿಯೂ ಇದ್ದಿತು.

ಆದಾಗ್ಯೂ ಕೆಲಸವೆಂಬದು ಕಾಗದದ ಮೇಲೆ ಅಳಿಸಿದರೆ ಅಳಿದುಹೋಗುವ ವಸ್ತುವಲ್ಲ. ಜಿಲ್ಲೆಯ ಕಚೇರಿ ಮುಚ್ಚಿದರೆ ರೈತನ ತಕರಾರು ಮುಚ್ಚುವದಿಲ್ಲ. ಅವನು ಮತ್ತೊಂದು ಊರಿಗೆ ಬುತ್ತಿ ಕಟ್ಟಿಕೊಂಡು ನಡೆಯಬೇಕಾಗುವದು. ಕಚೇರಿಯ ಬಾಡಿಗೆಯು ಉಳಿದರೆ ಅವನ ದಾರಿಯ ಖರ್ಚು ಬೆಳೆಯುವದು. ಮೊದಲನೆಯದು ಆಯವ್ಯಯದಲ್ಲಿ ಕಾಣುವದು, ಎರಡನೆಯದು ಕಾಣುವದಿಲ್ಲ. ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡರು. ಅವರ ತರುವಾಯ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಹಾಸನ, ಚಿತ್ರದುರ್ಗಗಳು ಮತ್ತೆ ಜಿಲ್ಲೆಗಳಾದವು. ತೆಗೆದುದನ್ನು ಐದು ವರ್ಷಗಳೊಳಗೆ ಮರಳಿ ಇಡಬೇಕಾಯಿತೆಂದರೆ ಅದು ಅನಾವಶ್ಯಕವಾಗಿರಲಿಲ್ಲವೆಂದೇ ಅರ್ಥ.

ಇಪ್ಪತ್ತನೆಯ ಶತಮಾನದಲ್ಲಿ ಕಡಿತದ ಕತ್ತರಿಯು ಕೂಲಿಕಾರನಿಂದ ಸಂಬಳದವನ ಕಡೆಗೆ ತಿರುಗಿತು. ಮೊದಲನೆಯ ಮಹಾಯುದ್ಧದ ತರುವಾಯ ಹಿಂದುಸ್ಥಾನ ಸರಕಾರದ ಆಯವ್ಯಯವು ವರ್ಷ ವರ್ಷವೂ ಕೊರತೆಯಲ್ಲಿ ಮುಗಿಯಹತ್ತಿತು. 1922ರಲ್ಲಿ ಹಡಗಿನ ವ್ಯಾಪಾರದಲ್ಲಿ ಹೆಸರಾದ ಲಾರ್ಡ್ ಇಂಚಕೇಪರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಗಿ, 1923ರಲ್ಲಿ ಒಟ್ಟು 19 ಕೋಟಿ 25 ಲಕ್ಷ ರೂಪಾಯಿಗಳ ಕಡಿತವನ್ನು ಸೂಚಿಸಿತು. ಅದರಲ್ಲಿ ಅರ್ಧಕ್ಕೂ ಹೆಚ್ಚಿನ ಭಾಗವು ಸೈನ್ಯದ್ದು ಎಂಬದು ನ್ಯಾಯವಾದ ಮಾತೇ. ಆದರೆ ರೇಲ್ವೆ, ಟಪಾಲು ಮುಂತಾದ ಖಾತೆಗಳೂ ಕತ್ತರಿಗೆ ಒಳಗಾದವು. ಅಷ್ಟರಿಂದಲೂ ಕೊರತೆಯು ತುಂಬದೆ, ಶಾಸನಸಭೆಯು ಬೇಡವೆಂದರೂ ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಅದೇ ವರ್ಷ ಉಪ್ಪಿನ ಕರವನ್ನು ಇಮ್ಮಡಿ ಮಾಡಿದರು. ಮರುವರ್ಷವೇ, 1924ರಲ್ಲಿ, ಲೀ ಆಯೋಗವು ತನ್ನ ವರದಿಯನ್ನು ಕೊಟ್ಟಿತು. ಅದು ಮೇಲ್ದರ್ಜೆಯ ಯುರೋಪಿಯನ್ ಅಧಿಕಾರಿಗಳಿಗೆ ಹೆಚ್ಚಿನ ಸಾಗರೋತ್ತರ ವೇತನವನ್ನೂ, ಸೇವೆಯ ಅವಧಿಯಲ್ಲಿ ಕುಟುಂಬದೊಡನೆ ವಿಲಾಯತಿಗೆ ಹೋಗಿಬರುವ ಹಡಗಿನ ವೆಚ್ಚವನ್ನೂ ಸೂಚಿಸಿತು. ಈ ಎರಡು ವರದಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದವನಿಗೆ ಬೊಕ್ಕಸದಲ್ಲಿ ಹಣವಿರಲಿಲ್ಲವೆಂಬ ಮಾತಿನ ಸರಿಯಾದ ಅರ್ಥವು ತಿಳಿಯುವದು: ಕೆಲವರಿಗೆ ಕೊಡಲು ಹಣವಿರಲಿಲ್ಲ.

1929ರಲ್ಲಿ ತೊಡಗಿದ ಜಗದ್ವ್ಯಾಪಿಯಾದ ಆರ್ಥಿಕ ಕುಸಿತವು ಎರಡು ವರ್ಷಗಳಲ್ಲಿ ಸರಕಾರದ ಆದಾಯವನ್ನು ಕುಗ್ಗಿಸಿತು. 1931ರ ಸೆಪ್ಟೆಂಬರಿನಲ್ಲಿ ಅರ್ಥಸದಸ್ಯರಾದ ಸರ್ ಜಾರ್ಜ್ ಶುಸ್ಟರರು ವರ್ಷದ ನಡುವೆಯೇ ಎರಡನೆಯ ಆಯವ್ಯಯವನ್ನು ಮಂಡಿಸಿದರು. ಅರ್ಧ ಆಣೆಯ ಟಪಾಲು ಕಾರ್ಡಿನ ಬೆಲೆಯು ಮುಕ್ಕಾಲು ಆಣೆಯಾಯಿತು; ಸರಕಾರಿ ನೌಕರರ ಪಗಾರದಲ್ಲಿ ನೂರಕ್ಕೆ ಹತ್ತರ ಕಡಿತವು ವರ್ಷದ ಕೊನೆಯಲ್ಲಿ ಜಾರಿಗೆ ಬಂದಿತು. ಅತ್ಯಲ್ಪ ಪಗಾರದವರಿಗೆ ವಿನಾಯಿತಿಯಿದ್ದಿತು. 1933ರಲ್ಲಿ ಈ ಕಡಿತವು ನೂರಕ್ಕೆ ಐದಕ್ಕೆ ಇಳಿದು, 1935ರಲ್ಲಿ ಪೂರ್ತಿಯಾಗಿ ಹೋಯಿತು.

ಈ ಹತ್ತರ ಕಡಿತವನ್ನು ಕುರಿತು ನ್ಯಾಯವಾಗಿ ಯೋಚಿಸಬೇಕು. ಜೋಳ, ಹತ್ತಿಗಳ ಬೆಲೆಯು ಆ ವರ್ಷಗಳಲ್ಲಿ ಹತ್ತಕ್ಕಿಂತ ಎಷ್ಟೋ ಹೆಚ್ಚಾಗಿ ಬಿದ್ದಿದ್ದಿತು. ಆದುದರಿಂದ ಕೆಲಸ ಉಳಿದ ಗುಮಾಸ್ತನು ಕಡಿತದ ತರುವಾಯವೂ ಸಂತೆಯಲ್ಲಿ ಮೊದಲಿನಷ್ಟೇ ಕೊಳ್ಳಬಲ್ಲವನಾಗಿದ್ದನು. ಬೆಲೆ ಬಿದ್ದರೂ ಕಂದಾಯ ಕಟ್ಟಬೇಕಾಗಿದ್ದ ಒಕ್ಕಲಿಗನು ಅವನನ್ನು ಕಂಡು ಅಸೂಯೆಪಟ್ಟದ್ದು ಸಹಜವೇ. ನಿಜವಾದ ಪೆಟ್ಟು ಬಿದ್ದುದು ಹುದ್ದೆಯನ್ನೇ ಕಳೆದುಕೊಂಡವರಿಗೆ. ಹತ್ತು ಜನರ ಪಗಾರದಲ್ಲಿ ಹತ್ತನೆಯ ಒಂದು ಪಾಲನ್ನು ಕಡಿದರೂ, ಹತ್ತರಲ್ಲಿ ಒಬ್ಬನನ್ನು ಮನೆಗೆ ಕಳುಹಿದರೂ ಬೊಕ್ಕಸದ ಲೆಕ್ಕಕ್ಕೆ ಎರಡೂ ಒಂದೇ. ಆ ಒಬ್ಬನ ಒಲೆಗೆ ಮಾತ್ರ ಎರಡೂ ಒಂದಲ್ಲ. ಹುಬ್ಬಳ್ಳಿಯಲ್ಲಿ ಕಾರಖಾನೆಯನ್ನು ಹೊಂದಿದ್ದ ಮದ್ರಾಸ ಮತ್ತು ದಕ್ಷಿಣ ಮರಾಠಾ ರೇಲ್ವೆಯಲ್ಲಿ 1932ರ ಕೊನೆಯಿಂದ 1933ರ ಆರಂಭದವರೆಗೆ ನಡೆದ ಮುಷ್ಕರವು ಹುಟ್ಟಿದುದು ಪೆರಂಬೂರಿನ ಕಾರಖಾನೆಯ ಕೆಲಸಗಾರರನ್ನು ತೆಗೆದುಹಾಕಿದ ಕಾರಣದಿಂದಲೇ. ಹೊರಗೆ ಕೆಲಸವೇ ಇಲ್ಲದ ಕಾಲದಲ್ಲಿ ನಡೆದ ಮುಷ್ಕರಕ್ಕೆ ಜಯವು ದೊರೆಯಲಿಲ್ಲ.

ಕಡಿತವು ಎಲ್ಲಿಂದ ಆರಂಭವಾಗಬೇಕೆಂಬ ಪ್ರಶ್ನೆಗೆ ಅದೇ 1931ರಲ್ಲಿ ಬೇರೊಂದು ಉತ್ತರವೂ ಹುಟ್ಟಿತು. ಕರಾಚಿಯ ಕಾಂಗ್ರೆಸ್ ಅಧಿವೇಶನವು, ಸ್ವರಾಜ್ಯದಲ್ಲಿ ರಾಜ್ಯಸೇವಕನ ಪಗಾರವು ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಗಳನ್ನು ಮೀರಕೂಡದೆಂದೂ ಸೈನ್ಯದ ವೆಚ್ಚವು ಅರ್ಧಕ್ಕಾದರೂ ಇಳಿಯಬೇಕೆಂದೂ ನಿರ್ಣಯಿಸಿತು. 1937ರಲ್ಲಿ ಮುಂಬಯಿ ಇಲಾಖೆಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಅಧಿಕಾರವನ್ನು ವಹಿಸಿದಾಗ ಮಂತ್ರಿಗಳು ಆ 500 ರೂಪಾಯಿಗಳಿಗೇ ದುಡಿದರು. ಉಳಿತಾಯವನ್ನು ಬೋಧಿಸುವವರು ತಮ್ಮ ತಟ್ಟೆಯಿಂದಲೇ ಮೊದಲ ತುತ್ತನ್ನು ತೆಗೆದಿಡಬೇಕೆಂಬದಕ್ಕೆ ಅದು ನಿದರ್ಶನ.

ಸ್ವಾತಂತ್ರ್ಯದ ಬಳಿಕ 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕೂಡಿದವು. 1956ರಲ್ಲಿ ಈ ನಾಡೆಲ್ಲ ಕನ್ನಡ ರಾಜ್ಯದ ತೆಕ್ಕೆಗೆ ಬಂದಿತು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಅಡಿಗಲ್ಲಿಗೂ ಅಣೆಕಟ್ಟಿಗೂ ನಡುವಣ ಅಂತರವನ್ನು ಹಣವೇ ತುಂಬಬೇಕು. ಹಣವು ಬೇಕಾದಷ್ಟು ಬರಲಿಲ್ಲ. ಕಾಲು ಶತಮಾನ ಕಳೆದರೂ ಆಲಮಟ್ಟಿಯು ಮುಗಿದಿರಲಿಲ್ಲ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಕೃಷ್ಣೆಯು ಬೇಸಗೆಯಲ್ಲಿ ಉಸುಕಿನ ಹಾಸಾಗುತ್ತಿದ್ದಳು. ದಂಡೆಯ ಮೇಲಿನ ಬೆಳೆಯು ನದಿಯನ್ನು ನೋಡುತ್ತಲೇ ಒಣಗುತ್ತಿದ್ದಿತು.

ಆಗ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಮುಂದೆ ಬಂದರು. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾ ತೀರ ರೈತ ಸಂಘವು ವಂತಿಗೆಯನ್ನು ಕೂಡಿಸಿ, ರೈತರ ಶ್ರಮವನ್ನು ಒಗ್ಗೂಡಿಸಿ, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ ಮುಗಿಸಿತು. ಅದಕ್ಕೆ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ರೈತರು ಸ್ವಂತ ಬಲದಿಂದ ಕಟ್ಟಿದ ಇಂಥ ಬ್ಯಾರೇಜುಗಳಲ್ಲಿ ಇದು ದೇಶಕ್ಕೇ ಮೊದಲನೆಯದೆಂಬ ಪ್ರಸಿದ್ಧಿಯಿದೆ. ನ್ಯಾಮಗೌಡರನ್ನು ಜನರು ‘ಬ್ಯಾರೇಜ ಸಿದ್ದು’ ಎಂದೇ ಕರೆದರು. 1991ರಲ್ಲಿ ಅವರು ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಗಳೂ ಆದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು.

ಈ ಸೀಮೆಯವರು ಶ್ರಮಬಿಂದು ಸಾಗರವನ್ನು ಕಂಡು ಹೆಮ್ಮೆಪಡುವದು ಯೋಗ್ಯವೇ. ಆದರೆ ಅದರಿಂದ ತಪ್ಪು ಪಾಠವನ್ನು ಕಲಿಯಬಾರದು. ಸರಕಾರವು ಕೈಬಿಟ್ಟ ಕೆಲಸವನ್ನು ಜನರು ಮಾಡಿಕೊಳ್ಳಬಲ್ಲರು, ಆದುದರಿಂದ ಸರಕಾರವು ಕೈಬಿಡಬಹುದು, ಎಂಬದೇ ಆ ತಪ್ಪು ಪಾಠ. ವಂತಿಗೆ ಕೊಡುವದಕ್ಕೆ ದಂಡೆಯ ಮೇಲೆ ಹೊಲವಿರಬೇಕು, ಹೊಲದಲ್ಲಿ ಬೆಳೆಯಿರಬೇಕು, ಜನರಲ್ಲಿ ಒಗ್ಗಟ್ಟಿರಬೇಕು, ಮುಂದಾಳು ದೊರೆಯಬೇಕು. ಇವೆಲ್ಲವೂ ಕೂಡಿಬಂದ ಒಂದು ಊರಿಗೆ ಕೂಡಿಬಾರದ ಊರುಗಳು ಎಷ್ಟಿವೆ! 1877ರಲ್ಲಿ ಇದೇ ಸೀಮೆಯ ಜನರಿಗೆ ಶ್ರಮವಿದ್ದಿತು. ಆ ಶ್ರಮಕ್ಕೆ ಅನ್ನವಿರಲಿಲ್ಲ. ಇದಲ್ಲದೆ, ರೈತನು ಒಮ್ಮೆ ಕಂದಾಯ-ಕರಗಳ ಮೂಲಕ ಸರಕಾರಕ್ಕೆ ಕೊಟ್ಟು, ಅದೇ ಕೆಲಸಕ್ಕೆ ಮತ್ತೊಮ್ಮೆ ವಂತಿಗೆಯ ಮೂಲಕ ಕೊಟ್ಟನೆಂಬದನ್ನು ಮರೆಯಬಾರದು. ಬೊಕ್ಕಸದ ಉಳಿತಾಯವು ಅವನ ಎರಡನೆಯ ತೆರಿಗೆಯಾಯಿತು.

1991ರ ಆರ್ಥಿಕ ಸಂಕಟದ ತರುವಾಯ ಕಡಿತವು ಹೊಸ ವೇಷವನ್ನು ತೊಟ್ಟಿತು. ಇದ್ದವನ ಪಗಾರವನ್ನು ಕಡಿಯುವದು ಈಗ ಕಷ್ಟ. ಅವನಿಗೆ ಸಂಘವಿದೆ, ಕಾಯಿದೆಯಿದೆ. ಆದುದರಿಂದ ಬರುವವನ ಪಾಲು ಕಡಿಮೆಯಾಗಹತ್ತಿತು. 2001ರಲ್ಲಿ ಕೇಂದ್ರ ಸರಕಾರವು ತೆರವಾದ ಹುದ್ದೆಗಳಲ್ಲಿ ಒಂದು ಪಾಲನ್ನು ಮಾತ್ರ ತುಂಬಬೇಕೆಂದು ಆಜ್ಞೆ ಮಾಡಿತು. ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿತು. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಪಿಂಚಣಿಯನ್ನು ಗೊತ್ತುಮಾಡಿತು. ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕುಳಿತ ಇಬ್ಬರ ಮುಪ್ಪು ಇಂದು ಬೇರೆ ಬೇರೆ. ಕಾಲೇಜಿನ ಹುದ್ದೆಯು ಖಾಲಿಯಿದ್ದರೂ ಪಾಠವು ನಿಲ್ಲಲಾರದಾದ್ದರಿಂದ ‘ಅತಿಥಿ’ ಉಪನ್ಯಾಸಕನು ಬಂದನು. ಅತಿಥಿಯೆಂದು ಕರೆಸಿಕೊಂಡು ವರುಷಗಟ್ಟಲೆ ದುಡಿಯುವವನನ್ನು ಕನ್ನಡ ಭಾಷೆಯು ಹಿಂದೆ ಕಂಡಿರಲಿಲ್ಲ. ಅಂಗನವಾಡಿಯ ತಾಯಂದಿರಿಗೆ ದೊರೆಯುವದು ವೇತನವಲ್ಲ, ‘ಗೌರವಧನ’. ಕರ್ನಾಟಕದಲ್ಲಿ ಈ ಯೋಜನೆಯು 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲಾಯಿತು. ಈ ಸೇವಕಿಯರು ಉಪಧನಕ್ಕೆ ಹಕ್ಕುದಾರರೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 2022ರಲ್ಲಿ. ನಡುವೆ ನಾಲ್ವತ್ತೇಳು ವರ್ಷಗಳು ಸಂದಿದ್ದವು. ಹೆಸರಿನಲ್ಲಿ ಗೌರವವು ಹೆಚ್ಚಿದಷ್ಟೂ ಕೈಗೆ ಬರುವ ಧನವು ಕಡಿಮೆಯಾದುದು ಈ ಕಾಲದ ವಿಶೇಷ.

ಈ ಎಲ್ಲ ಸಂಗತಿಗಳನ್ನು ಕೂಡಿಸಿ ನೋಡಿದರೆ ಒಂದು ಸತ್ಯವು ಉಳಿಯುವದು. ಸರಕಾರದ ಕೆಲಸಗಳಲ್ಲಿ ನಿಜವಾಗಿ ಅನಾವಶ್ಯಕವಾದವುಗಳನ್ನು ತೆಗೆದುಹಾಕುವದು ಉಳಿತಾಯ. ಆವಶ್ಯಕವಾದ ಕೆಲಸವನ್ನು ಕಡಿಮೆ ಅನ್ನಕ್ಕೆ ಮಾಡಿಸುವದೂ ಬೇರೆಯವರ ತಲೆಗೆ ಕಟ್ಟುವದೂ ಉಳಿತಾಯವಲ್ಲ, ಭಾರದ ಸ್ಥಳಾಂತರ. ಲೀ ಆಯೋಗದ ಹಡಗಿನ ವೆಚ್ಚವನ್ನು ಉಳಿಸಿದ್ದರೆ ಅದು ಮೊದಲನೆಯ ಜಾತಿಯದಾಗುತ್ತಿದ್ದಿತು. ಟೆಂಪಲ್ಲರ ಒಂದು ರತ್ತಲು ಎರಡನೆಯ ಜಾತಿಯದು. ಆಯವ್ಯಯದ ಪತ್ರದಲ್ಲಿ ಕಡಿತದ ಮೊತ್ತದ ಎದುರಿಗೆ ಇನ್ನೆರಡು ಅಂಕಣಗಳಿರಬೇಕು: ಇದರಿಂದ ನಿಲ್ಲುವ ಕೆಲಸ ಯಾವದು? ನಾಳೆ ಅದನ್ನು ಹೊರುವವರು ಯಾರು? ಈ ಅಂಕಣಗಳನ್ನು ತುಂಬದೆ ಬರೆದ ಉಳಿತಾಯದ ಲೆಕ್ಕವು, ಕಲಾದಗಿ ಜಿಲ್ಲೆಯಲ್ಲಿ ಆದಂತೆ, ಮುಂದೆ ಎಂದೋ ಒಂದು ದಿನ ಜನಗಣತಿಯ ಪತ್ರದಲ್ಲಿ ತುಂಬಲ್ಪಡುವದು.